ಕಾಳ್ಯಾನ ಕಿವಿಯ ಉಣ್ಣಿ

ಯಲಬುರ್ಗಾ
12-2-1948

ಚಿರಂಜೀವಿ ದೊಡ್ಡಬಸಪ್ಪನಿಗೆ ಆಶೀರ್ವಾದ.

ನೀನು ಗಡಿಯಾಚೆಯ ಹೋರಾಟದ ಶಿಬಿರ ಸೇರಿದ ಮೇಲೆ ನಿನ್ನ ನಾಯಿ ಕಾಳ್ಯಾನ ಮೈತುಂಬ ಉಣ್ಣಿ ಹತ್ತಿದವು. ಕಿವಿಯೊಳಗೆ ಹುಣ್ಣಾಗಿ ಅದು ರೊಟ್ಟಿ ಮುಟ್ಟುವುದನ್ನೇ ಬಿಟ್ಟಿತು. ಉಣ್ಣಿ ಕೀಳಲು ಹೋದರೆ ನನ್ನ ಕೈಗೇ ಬಾಯಿ ಹಾಕಿತು.

"ಅಂವ ಹಾಡ್ಕೋತ ಕೀಳ್ತಿದ್ದ. ನೀವೂ ಹಾಡ್ರಿ," ಅಂದಳು ನಿಮ್ಮವ್ವ.

ನೀನು ಹಾಡುತ್ತಿದ್ದುದು ತ್ರಿವರ್ಣ ಬಾವುಟದ ಹಾಡು. ನಾನು ನಿಜಾಮ ಸರ್ಕಾರದ ನೌಕರ. ಆ ಹಾಡಿಗಾಗಿಯೇ ನಿನ್ನನ್ನು ಮನೆಯಿಂದ ಹೊರಹಾಕಿದ್ದೆ. ಆದರೂ ಹಾಡಿದೆ. ಕಾಳ್ಯಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಉಣ್ಣಿಗಳನ್ನೆಲ್ಲ ಕಿತ್ತು ಬೇವಿನೆಣ್ಣೆ ಹಚ್ಚಿದೆ.

ಇನ್ನೂ ಕೆಲವು ದಿನ ಎಣ್ಣೆ ಹಚ್ಚಬೇಕು. ನನಗೆ ಆ ಹಾಡಿನ ಮೊದಲ ನುಡಿ ಮಾತ್ರ ಬರುತ್ತದೆ. ಉಳಿದದ್ದನ್ನು ಬರೆದು ಕಳಿಸು.

ನಿನ್ನ ಅಪ್ಪ,
ಕಳಕಪ್ಪ