ಬ್ಲೇಡಿನ ತುದಿಯಲ್ಲಿ ಹಸಿರು

ಮಾರ್ಚ್ ೧೪, ಶನಿವಾರ

ಜನವರಿಯ ಆ ಹಾಳು ಚಳಿಯಿಂದ ಎದೆಯಲ್ಲಿ ಕೂತಿದ್ದ ಭಯ ಇವತ್ತು ಇಳಿಯಿತು. ಲಾ ಕ್ರೆಸೆಂಟ್ ತಳಿಯ ದ್ರಾಕ್ಷಿ ಬಳ್ಳಿಗಳು ಸತ್ತಿಲ್ಲ! ಸತ್ತಿದ್ದರೆ ಕಿತ್ತು ಮೆಕ್ಕೆಜೋಳ ಹಾಕೋಣ ಎಂದು ನನ್ನ ಗಂಡ ಮರ್ಲಿನ್ ಹೇಳಿಬಿಟ್ಟಿದ್ದ.

ಹಿಮದಲ್ಲಿ ನಿಂತು ಮೊಗ್ಗನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಕಂದು ಬಣ್ಣವಿದ್ದರೆ ಕಥೆ ಮುಗಿಯಿತು. ಹಸಿರು! ಇನ್ನೊಂದು ಸೀಳಿದೆ, ಅದೂ ಹಸಿರು! ಈ ದ್ರಾಕ್ಷಿಯಿಂದ ಮಾಡುವ ಬಿಳಿ ವೈನಿನ ಏಪ್ರಿಕಾಟ್ ಘಮ ಆಗಲೇ ಮೂಗಿಗೆ ಬಡಿದಂತಾಯಿತು.

ಪಕ್ಕದ ಹೊಲದ ಆರ್ವಿಡ್ ಬೇಲಿಯಾಚೆಯಿಂದ ಎಂದಿನಂತೆ ಕಿಚಾಯಿಸಿದ: "ಏನಮ್ಮ ಸಿಗ್ನೆ, ಮಿನ್ನೆಸೋಟದ ಚಳಿಯಲ್ಲಿ ದ್ರಾಕ್ಷಿ ಬೆಳೆಯೋ ಹುಚ್ಚು ಇನ್ನೂ ಇಳೀಲಿಲ್ವಾ?"

"ಬಂದು ಕಣ್ಬಿಟ್ಟು ನೋಡೋ!"

ಬಂದ. ಕನ್ನಡಕ ಏರಿಸಿ ನೋಡಿ, "ಪರವಾಗಿಲ್ಲ" ಅಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಯೇ ಇಲ್ಲ. ಆಮೇಲೆ ನಾನು ಸವರಿ ಹಾಕಿದ್ದ ಕಡ್ಡಿಗಳನ್ನು ಬೂಟಿನಿಂದ ಕೆದಕುತ್ತ ಕೇಳಿದ: "ಇವನ್ನ ಬಿಸಾಕ್ತೀಯಾ?"

"ಯಾಕೆ, ನೆಡ್ತೀಯಾ?"

"ಥೂ, ನಾನಾ! ಒಲೆ ಹಚ್ಚೋಕೆ ಕಣಮ್ಮ."

ಒಂದು ಹಿಡಿ ಆರಿಸಿಕೊಂಡು ಹೋದ. ಅಡುಗೆಮನೆ ಕಿಟಕಿಯಿಂದ ನೋಡಿದರೆ, ಮುದುಕ ತನ್ನ ಟ್ರಕ್ಕಿನ ಮರೆಯಲ್ಲಿ ನಿಂತು, ಕರವಸ್ತ್ರವನ್ನು ಹಿಮದಲ್ಲಿ ಒದ್ದೆ ಮಾಡಿ, ಕಡ್ಡಿಗಳ ಬುಡಕ್ಕೆ, ಒಣಗದ ಹಾಗೆ, ಜೋಪಾನವಾಗಿ ಸುತ್ತುತ್ತಿದ್ದ.