ಬೂಟು ಬಿಚ್ಚದೆ ನೀರಿಗಿಳಿದವನು

ಬಸವಣ್ಣೆವ್ವ ಕಾಕು ಅವರಿಗೆ,

ಹೆಸರಿನ ಮುಂದೆ ‘ಮಾತೃಶ್ರೀ ಸಮಾನರಾದ’ ಎಂದು ಬರೆಯಬೇಕೆಂದು ನೀವೇ ಕಲಿಸಿದ್ದಿರಿ. ಬರೆದೆ, ಆಮೇಲೆ ಹೊಡೆದುಹಾಕಿದೆ. ಯಾಕೆಂದು ಪತ್ರ ಓದಿ ಮುಗಿಸುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ನಿನ್ನೆ ನಿಮ್ಮ ಮಾಂತುವಿನ ವರ್ಷದ ಪೂಜೆಗೆ ಬಂದವನು ಊಟ ಮಾಡದೆ ಹೊರಟುಬಿಟ್ಟೆ. ಶಿಫ್ಟ್ ಇದೆ ಎಂದದ್ದು ಸುಳ್ಳು. ಹೊಳಬಸಪ್ಪ ಕಾಕಾ ಬಂದವರೆದುರು ನನ್ನನ್ನು ತೋರಿಸಿ, “ಸಿದ್ದು ಬ್ಯಾಡ ಬ್ಯಾಡ ಅಂದಾನ್ರಿ. ನನ್ನ ಮಗ ಕೇಳಿದ್ರ ಇವತ್ತ ಇಲ್ಲೇ ಕುಂತಿರತಿದ್ದ,” ಎಂದರು. ಅದನ್ನು ನುಂಗಿಕೊಂಡೆ. ವರ್ಷವಿಡೀ ನುಂಗಿ ರೂಢಿಯಾಗಿದೆ. ಆದರೆ ನೀವು ನನ್ನನ್ನು ಅಡುಗೆಮನೆಗೆ ಕರೆದು, “ಇನ್ನ ನೀನ ನನ್ನ ಮಗ. ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು, ಹೊಳಿ ಹಳ್ಳಕ್ಕ ಇಳಿಯಂಗಿಲ್ಲಂತ. ಅವ ಮುರದ, ನೀ ಮುರೀಬ್ಯಾಡ,” ಎಂದು ತಲೆ ಬಗ್ಗಿಸಿ ನಿಂತಿರಿ. ನನಗೆ ಬಲಗೈ ಎತ್ತಲಾಗಲಿಲ್ಲ ಕಾಕು. ಆ ಕೈ ಏನು ಮಾಡಿದೆ ಎಂದು ಹೇಳಲಿಕ್ಕೆ ಈ ಪತ್ರ ಬರೆಯುತ್ತಿದ್ದೇನೆ.

ಎದುರು ನಿಂತು ಹೇಳುವ ಗಂಡಸುತನ ನನಗಿಲ್ಲ. ನಾನೂ ಮಾಂತುವೂ ಮರಾಠಿ ಶಾಲೆಗೆ ಹೋಗುತ್ತಿದ್ದೆವು, ಕನ್ನಡ ಅಕ್ಷರ ಕಲಿತದ್ದು ನಿಮ್ಮ ಕಾತ್ರಜದ ಮನೆಯ ಪಡಸಾಲೆಯಲ್ಲಿ. ಮಾಂತು ಬೇಗ ಕಲಿತ. ನಾನು ‘ಳ’ವನ್ನು ಉಲ್ಟಾ ಬರೆದು ನಿಮ್ಮಿಂದ ಬೆರಳಿಗೆ ಏಟು ತಿನ್ನುತ್ತಿದ್ದೆ. ಪೊಲೀಸರ ಮರಾಠಿ ಕಾಗದ ನಿಮಗೆ ಓದಲು ಬಾರದೆಂದು ಅದನ್ನು ಓದಿ ಹೇಳಿದವನೂ ನಾನೇ. ಅದರಲ್ಲಿರುವುದು ಸುಳ್ಳು. ಇದನ್ನು ನೀವೇ ಓದಿಕೊಳ್ಳಬಹುದು.

ಆ ಭಾನುವಾರ ಜಲಪಾತಕ್ಕೆ ಹೋಗೋಣ ಎಂದವನು ನಾನು. ಮಾಂತು ನನ್ನನ್ನು ಎಳೆದುಕೊಂಡು ಹೋದ ಎಂದು ನಿಮಗೆ ಹೇಳಿದ್ದೆನಲ್ಲ, ಬೈಕ್ ಮಾತ್ರ ಅವನದು. ಚಾಕಣದ ಕಾರ್ಖಾನೆಯಲ್ಲಿ ಆರು ದಿನ ದುಡಿದು ಸುಸ್ತಾಗಿದ್ದವನಿಗೆ ಮಲಗಿದರೆ ಸಾಕಿತ್ತು. ನಾನು ಬಿಡಲಿಲ್ಲ. ಸುರಂಗ ದಾಟಿ ಸಾತಾರಾ ಹೆದ್ದಾರಿಗೆ ಬಿದ್ದಮೇಲೂ ಅವನ ವೇಗ ಐವತ್ತು ದಾಟಲಿಲ್ಲ. ಹಾಲಿನ ಟೆಂಪೋಗಳೂ ನಮ್ಮನ್ನು ಹಿಂದೆ ಹಾಕುತ್ತಿದ್ದವು, ನಾನು ಹಿಂದೆ ಕುಳಿತು ಬಾಯಿಗೆ ಬಂದಂತೆ ಕಿಚಾಯಿಸುತ್ತಿದ್ದೆ. ಕಾಪೂರಹೋಳದಲ್ಲಿ ಎರಡು ಪ್ಲೇಟು ಖಾರದ ಮಿಸಳ್ ತಿಂದು, “ಅವ್ವಗ ಹೇಳಬ್ಯಾಡ ಮಾರಾಯಾ, ಹೊಟ್ಟಿ ಉರಿ ಅಂತ ಬೈತಾಳ,” ಎಂದ. ಅವನು ಮುಚ್ಚಿಡು ಎಂದದ್ದು ಅದೊಂದನ್ನೇ.

ಭೋರ್ ದಾಟಿ, ಅಣೆಕಟ್ಟಿನ ಹಿನ್ನೀರಿನ ಪಕ್ಕ ಹೋಗಿ, ಘಾಟಿಗೆ ಮೊದಲು ಒಂದು ಚಹಾದಂಗಡಿಯ ಬಳಿ ಬೈಕ್ ನಿಲ್ಲಿಸಿದೆವು. ಮಳೆಗಾಲದಲ್ಲಿ ಪ್ರವೇಶವಿಲ್ಲ ಎಂಬ ಫಲಕವಿತ್ತು. ಮಾಂತು ಅದನ್ನು ಕೆಳಗಿನ ಸಹಿಯವರೆಗೂ ಗಟ್ಟಿಯಾಗಿ ಓದಿದ. ಅಂಗಡಿಯ ಪಂಢರಿನಾಥ, “ಕಾಲ್ ವರತೀ ಲಯ್ ಪಾಊಸ್ ಝಾಲಾ. ಲಾಂಬೂನಚ್ ಬಘಾ,” ಎಂದ. ನಿನ್ನೆ ಮೇಲೆ ಭಾರಿ ಮಳೆಯಾಗಿದೆ, ದೂರದಿಂದಲೇ ನೋಡಿ ಎಂದು. ನಾನು ತಲೆಯಾಡಿಸಿ ಮುಂದೆ ನಡೆದೆ. ಅರ್ಧ ಗಂಟೆ ಕಾಡಿನ ಕೆಸರು ತುಳಿದ ಮೇಲೆ ನೀರು ಕಂಡಿತು.

ನಾನು ಬಟ್ಟೆ ಬಿಚ್ಚಿ ಇಳಿದೆ. ಹತ್ತು ವರ್ಷ ಪಾಲಿಕೆಯ ಈಜುಕೊಳದಲ್ಲಿ ಈಜಿದ ಸೊಕ್ಕು. ಮಾಂತು ದಡದ ಬಂಡೆಯ ಮೇಲೆ ಬೂಟು ಹಾಕಿಕೊಂಡೇ ಕುಳಿತ, ನನ್ನ ಬಟ್ಟೆ ತೊಡೆಯ ಮೇಲಿಟ್ಟುಕೊಂಡು. ಕರೆದೆ, ಬರಲಿಲ್ಲ. ಹೇಡಿ ಎಂದೆ. ನಕ್ಕ. “ಅವ್ವನ ತಲಿ ಮ್ಯಾಲ ಕೈ ಇಟ್ಟೀನಿ. ನೀ ಆಡು, ನಾ ನೋಡತೀನಿ,” ಎಂದ. ಇದು ಅವನ ಮಾತು ಕಾಕು, ಒಂದಕ್ಷರ ನನ್ನದಲ್ಲ.

ಆಮೇಲೆ ನೀರಿನ ಬಣ್ಣ ಕೆಂಪಾಯಿತು. ಮೊಣಕಾಲಿಗಿದ್ದದ್ದು ನೋಡುತ್ತಿದ್ದಂತೆ ಎದೆಗೆ ಬಂತು. ದಡಕ್ಕೆ ಓಡಲು ಹೋದವನ ಕಾಲು ಎರಡು ಕಲ್ಲುಗಳ ನಡುವೆ ಸಿಕ್ಕಿಬಿತ್ತು. ಈಜು ಬಂದರೇನು, ಕಾಲೇ ಬರಲಿಲ್ಲ. “ಮಾಂತ್ಯಾ, ಬಾರೋ, ಸಾಯ್ತೀನಿ,” ಎಂದು ಕೂಗಿದೆ. ಈಜು ಬಾರದವನು, ಆಣೆ ಮಾಡಿದವನು ಎಂದು ನನಗೆ ನೆನಪಿತ್ತು. ಆದರೂ ಕೂಗಿದೆ. ಅವನು ಒಂದು ಕ್ಷಣವೂ ನಿಲ್ಲಲಿಲ್ಲ. ಬಂದು, ನೀರಿನೊಳಗೆ ಮುಳುಗಿ, ಎರಡೂ ಕೈಯಿಂದ ನನ್ನ ಕಾಲು ಬಿಡಿಸಿದ. ಮೇಲೆದ್ದಾಗ ಅವನ ಕಾಲು ತಪ್ಪಿತು.

ನಾನು ಎಡಗೈಯಲ್ಲಿ ಒಂದು ಬೇರು ಹಿಡಿದಿದ್ದೆ, ಬಲಗೈಯಲ್ಲಿ ಅವನ ಮಣಿಕಟ್ಟು. ಎಷ್ಟು ಹೊತ್ತೋ ತಿಳಿಯದು. ಎಡಗೈ ಜಾರತೊಡಗಿತು, ಇಬ್ಬರೂ ಹೋಗುತ್ತೇವೆ ಅನ್ನಿಸಿತು. ಬಲಗೈ ಬಿಟ್ಟೆ. ಜಾರಿತು ಎಂದು ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ಜಾರಲಿಲ್ಲ. ಬಿಟ್ಟೆ.

ಅವನನ್ನು ಎರಡು ಮೈಲು ಕೆಳಗೆ ಪಂಢರಿನಾಥನ ಊರಿನವರು ತೆಗೆದರು. ಹವಾಲ್ದಾರ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಪಾಣ್ಯಾತ್ ಆಧೀ ಕೋಣ ಉತರಲಾ?” ನೀರಿಗೆ ಮೊದಲು ಇಳಿದವರು ಯಾರು. “ತೋ,” ಅವನು, ಎಂದೆ. ಅಷ್ಟೇ ಸಾಕಾಯಿತು. ಜಳಕಕ್ಕೆ ಇಳಿದ, ಗೆಳೆಯ ಬೇಡವೆಂದರೂ ಕೇಳಲಿಲ್ಲ ಎಂದು ಉಳಿದದ್ದನ್ನು ಅವರೇ ಹೊಂದಿಸಿ ಬರೆದುಕೊಂಡರು. ನಾನು ಸಹಿ ಮಾಡಿದೆ. ಮನೆಗೆ ಬಂದು ನಿಮಗೂ ಅದನ್ನೇ ಹೇಳಿದೆ.

ನೀವೊಬ್ಬರೇ ನಂಬಲಿಲ್ಲ. “ಜಳಕಕ್ಕ ಇಳದಾವ ಬೂಟ ಯಾಕ ಬಿಚ್ಚಲಿಲ್ಲ?” ಎಂದು ಬಂದವರನ್ನೆಲ್ಲ ಕೇಳುತ್ತಿದ್ದಿರಿ. ದುಃಖಕ್ಕೆ ಹಾಗಾಗಿದೆ ಎಂದು ಜನ ನಿಮ್ಮನ್ನು ಸುಮ್ಮನಾಗಿಸಿದರು. ಅವಸರದ ಸ್ವಭಾವ ಎಂದು ಹೇಳಿ ನಾನೂ ಸುಮ್ಮನಾಗಿಸಿದೆ. ಐವತ್ತು ದಾಟದೆ ಬೈಕ್ ಓಡಿಸುವವನಿಗೆ ಎಂಥ ಅವಸರ ಕಾಕು? ಕೊನೆಗೆ ನೀವೂ ಕೇಳುವುದನ್ನು ಬಿಟ್ಟಿರಿ. ತಾಯಿಯ ಆಣೆ ಮುರಿದವನ ಫೋಟೋಗೆ ಹಾರ ಬೇಡ ಎಂದು ಕಾಕಾ ಹೇಳಿದಾಗ, ಪಕ್ಕದಲ್ಲೇ ಕುಳಿತಿದ್ದ ನಾನು ಚಹಾ ಕುಡಿಯುತ್ತಿದ್ದೆ.

ಕಾಕಾಗೆ ಇದನ್ನು ಓದಿ ಹೇಳಿ. ಮಾಂತು ಮೋಜಿಗೆ ಆಣೆ ಮುರಿಯಲಿಲ್ಲ. ಹಾರ ಹಾಕಲಿ. ಶನಿವಾರ ಠಾಣೆಗೆ ಹೋಗಿ ನನ್ನ ಹೇಳಿಕೆ ಬದಲಿಸುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ. ಭಾನುವಾರ ಹತ್ತಕ್ಕೆ ನಿಮ್ಮ ಬಾಗಿಲಿಗೆ ಬರುತ್ತೇನೆ. ತೆರೆಯಲೇಬೇಕೆಂದಿಲ್ಲ.

ಇನ್ನೊಂದು ಉಳಿಯಿತು. ಅದನ್ನು ಬಿಟ್ಟು ಪತ್ರ ಮುಗಿಸಬೇಕೆಂದಿದ್ದೆ. ಆದರೆ ಮಗನ ಕೊನೆಯ ಮಾತು ತಾಯಿಗೆ ಸೇರಬೇಕಾದದ್ದು. ‘ನೀ ಉಳಿ, ನನ್ನ ಬಿಡು’ ಎಂದನೆಂದು ಬರೆದಿದ್ದರೆ ನನಗೂ ನಿಮಗೂ ಹಗುರಾಗುತ್ತಿತ್ತು. ಅವನು ಹಾಗೆ ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ಸಿದ್ಯಾ, ಬಿಡಬ್ಯಾಡ,” ಎಂದ.

ದೇವರು ನಿಮ್ಮನ್ನೂ ಕಾಕಾರನ್ನೂ ತಣ್ಣಗಿಡಲಿ. ನನಗಾಗಿ ಏನನ್ನೂ ಬೇಡಿಕೊಳ್ಳಬೇಡಿ.

ಸಿದ್ದಾರೂಢ