ವಾಯಿಯ ಮೆಟ್ಟಿಲ ಮೇಲೆ ಹೇಳಿದ ಹೆಸರು

ಫೆಬ್ರವರಿ ೪, ಭಾನುವಾರ. ಮಧ್ಯಾಹ್ನ

ಮೂರು ಸೀರೆಗೆ ಫಾಲ್ ಆಯಿತು. ಎರಡಕ್ಕೆ ಪಿಕೊ ಬಾಕಿ. ಹಸಿರು ದಾರ ಮುಗಿದಿದೆ, ನಾಳೆ ಪೇಟೆಗೆ ಹೋಗಬೇಕು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಕರಾಡದ ಹೆಂಗಸರಿಗೆಲ್ಲ ಅರಿಶಿನ-ಕುಂಕುಮದ ಓಡಾಟ. ಎಲ್ಲರಿಗೂ ಹೊಸ ಸೀರೆ ಬೇಕು, ಅದೂ ಸಂಜೆಯೊಳಗೇ ಬೇಕು. ನನಗೆ ಕೆಲಸವಿದೆ, ಕರೆಯಿಲ್ಲ. ನನ್ನವರು ತೀರಿಕೊಂಡ ಮೇಲೆ ಎಳ್ಳುಬೆಲ್ಲ ಡಬ್ಬಿಯಲ್ಲಿ ಮನೆಗೇ ಬರುತ್ತದೆ. ಕೆಟ್ಟವರಲ್ಲ ಯಾರೂ. ಡಬ್ಬಿ ಕೊಡುವಾಗ ಮುಖ ನೋಡುವುದಿಲ್ಲ, ಅಷ್ಟೇ.

ಓಣಿಗೆಲ್ಲ ಅತ್ತಿಗೆಯಂತಿರುವ ಸುಲಭಾ ವಹಿನಿಯ ಹೊಸ ಸೊಸೆ ಋತುಜಾ ಬಂದಿದ್ದಳು. ಸೀರೆ ಕೊಟ್ಟಳು, ಹೋಗಲಿಲ್ಲ. ಮಷೀನಿನ ಪಕ್ಕ ನಿಂತು ಸೂಜಿಡಬ್ಬಿ ಕೆದಕುತ್ತಿದ್ದಳು.

"ಮಾವಶಿ, ನನಗೊಂದು ಉಖಾಣಾ ಮಾಡಿಕೊಡ್ರಿ. ಅತ್ತಿ ಎಲ್ಲಾರ ಮುಂದ ಹೇಳು ಅಂತಾರ."

"ಮನ್ಯಾಗ ಏನಂತ ಕರೀತಿ ಗಂಡನ್ನ?"

"ಓಮ್ಯಾ."

"ಅತ್ತಿ ಮುಂದ?"

"ಅತ್ತಿ ಮುಂದ 'ಕೇಳಿದ್ರೇನು' ಅಂತೀನಿ."

ನಕ್ಕು ಸಾಕಾಯಿತು. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಎರಡು ಸಾಲಿನ ಪ್ರಾಸದಲ್ಲಿ ಸುತ್ತಿ ಹೇಳಬೇಕು, ಅದೇ ಉಖಾಣಾ. ಈ ಓಣಿಯ ಸೊಸೆಯರಿಗೆಲ್ಲ ಸುತ್ತಿ ಕೊಟ್ಟವಳು ನಾನು. ಅವಳ ಸೀರೆ ತೊಡೆಯ ಮೇಲೆ ಇತ್ತಲ್ಲ, ಅಲ್ಲಿಂದಲೇ ಹುಟ್ಟಿತು. ಬರೆದುಕೊಂಡು ಕುಣಿಯುತ್ತ ಹೋದಳು.

ಹೋಗುವಾಗ ಸುದ್ದಿ ಹೇಳಿದಳು. ಬರುವ ಭಾನುವಾರ ನಮ್ಮ ಭಿಶಿಯ, ಅಂದರೆ ತಿಂಗಳ ಚೀಟಿಯ, ಹೆಂಗಸರ ಟ್ರಿಪ್. ಜೋತಿಬಾ ಬೇಡವಂತೆ, ಗುಡ್ಡ ಹತ್ತಲು ಮೊಣಕಾಲು ಕೇಳುವುದಿಲ್ಲವಂತೆ. ವಾಯಿಗೆ ಹೋಗುವುದಂತೆ.

ವಾಯಿ. ದಾರ ಸೂಜಿಯಿಂದ ಜಾರಿತು. ಮತ್ತೆ ಪೋಣಿಸಲು ಎಷ್ಟು ಹೊತ್ತು ಹಿಡಿಯಿತು.

ಫೆಬ್ರವರಿ ೮, ಗುರುವಾರ

ಮದುವೆಯಾದ ಹೊಸದರಲ್ಲಿ ನಾವಿದ್ದದ್ದು ವಾಯಿಯಲ್ಲೇ. ಇವರು ಅರಿಶಿನದ ವಖಾರಿನಲ್ಲಿ ತೂಕ ಮಾಡುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬು ಕೂಡ ಹಳದಿ. ಬಿಳಿ ಅಂಗಿ ಎಂಬುದನ್ನು ನಾನು ಆ ಮನೆಯಲ್ಲಿ ನೋಡಲೇ ಇಲ್ಲ. ಹೊಳೆಯ ಮೆಟ್ಟಿಲ ಮೇಲೆ ಕುಕ್ಕಿ ಕುಕ್ಕಿ ಒಗೆಯುತ್ತಿದ್ದೆ, ಪಕ್ಕದವಳು "ನಿಮ್ಮವರಿಗೆ ದಿನಾ ಮದುವಿ ಏನವ್ವಾ" ಎನ್ನುತ್ತಿದ್ದಳು. ಎಷ್ಟು ಸುಖವಾಗಿತ್ತು. ಆಗ ಅದು ಸುಖ ಅಂತ ಯಾರೂ ಹೇಳಲಿಲ್ಲ.

ಇವತ್ತು ಇಡೀ ದಿನ ಒಂದೇ ವಿಚಾರ. ಇವರ ಹೆಸರು ನನ್ನ ಬಾಯಿಗೆ ಬರುತ್ತಿದ್ದದ್ದು ಉಖಾಣದಲ್ಲಿ ಮಾತ್ರ. ಸಂಕ್ರಾಂತಿಗೆ, ಯಾರದೋ ಮದುವೆಗೆ. ಆಸ್ಪತ್ರೆಯ ಕೌಂಟರಿನ ಹುಡುಗಿ ಪೇಶಂಟ್ ಹೆಸರು ಕೇಳಿದಾಗಲೂ ಆಧಾರ್ ಕಾರ್ಡು ಮುಂದೆ ಹಿಡಿದೆ. "ಬಾಯಿಲೆ ಹೇಳ್ರಿ" ಎಂದಳು. "ಓದಿಕೊಳ್ಳವ್ವಾ" ಎಂದೆ. ಈಗ ಉಖಾಣವೂ ಇಲ್ಲ. ಇಲ್ಲದವರ ಹೆಸರು ಪ್ರಾಸದಲ್ಲಿ ಯಾರು ಕೇಳುತ್ತಾರೆ? ಆದರೂ ಹೇಳಬೇಕು ಅನಿಸುತ್ತದೆ. ಹೆಂಗಸರ ನಡುವೆ ಕೂತು, ಎಲ್ಲರಿಗೂ ಕೇಳುವಂತೆ, ಒಂದು ಸಲ. ಟ್ರಿಪ್ ಅಂದಮೇಲೆ ಉಖಾಣೆ ಆಗಿಯೇ ಆಗುತ್ತವೆ. ನನ್ನ ಸರತಿ ಬಂದರೆ...

ಹೊಳೆಯ ಮೆಟ್ಟಿಲಿನ ಕಾಲದ ಉಖಾಣಾ ಇನ್ನೂ ಬಾಯಿಗೆ ಬರುತ್ತದೆ. ಒಂದಕ್ಷರ ಮರೆತಿಲ್ಲ.

ಫೆಬ್ರವರಿ ೧೧, ಭಾನುವಾರ. ಬೆಳಗಿನ ಐದು

ಚಪಾತಿ ಆಯಿತು. ಶೇಂಗಾ ಚಟ್ನಿ, ಮೆಂತೆ ಪಲ್ಯ ಡಬ್ಬಿಗೆ ಹಾಕಿದೆ. ಓಣಿಗೆಲ್ಲ ಹಿರಿಯರಾದ ಅನಸೂಯಾ ಕಾಕಿಗೆ ಹಲ್ಲಿಲ್ಲ, ಅವರಿಗೆ ಮೆತ್ತಗೆ ಮೊಸರನ್ನ. ನೀಲಿ ಸೀರೆ ಉಟ್ಟೆ. ಹುಚ್ಚಿ, ಯಾರು ನೋಡಬೇಕಿತ್ತು... ಎಸ್‌ಟಿ ಬಸ್ಸು ಆರಕ್ಕೆ.

ಫೆಬ್ರವರಿ ೧೨, ಸೋಮವಾರ

ನಿನ್ನೆ ಬಂದು ಬರೆಯಲಾಗಲಿಲ್ಲ. ಇವತ್ತು ಮಷೀನು ಮುಚ್ಚಿಟ್ಟು ಬರೆಯುತ್ತಿದ್ದೇನೆ.

ಹೋಗುವಾಗ ಎಲ್ಲ ಚೆನ್ನಾಗಿತ್ತು. ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಕಂಡಕ್ಟರ್ ಕಾಕಿಯನ್ನು ನೋಡಿ, "ಆಜಿ, ಎಪ್ಪತ್ತೈದು ದಾಟಿದ್ರ ಪೂರಾ ಮಾಫ್ ಐತ್ರಿ" ಎಂದ. ಕಾಕಿಗೆ ಸಿಟ್ಟು ಬಂತು. "ಯಾರಿಗೆ ಎಪ್ಪತ್ತೈದು? ಕೊಡು ಅರ್ಧ ಟಿಕೆಟ್." ಎಂಬತ್ತರ ಹತ್ತಿರದವರು, ರೊಕ್ಕ ಕೊಟ್ಟು ವಯಸ್ಸು ಇಳಿಸಿಕೊಂಡರು.

ಸಾತಾರದಲ್ಲಿ ಬಸ್ಸು ಬದಲಾಯಿಸಿದೆವು. ಪೇಡೆ ಕೊಂಡಿದ್ದಾಯಿತು, ಬಸ್ಸಿನಲ್ಲೇ ಅರ್ಧ ಖಾಲಿ. ವಾಯಿಯಿಂದ ರಿಕ್ಷಾ ಮಾಡಿ ಮೊದಲು ಮೇಣವಲಿ. ಅಲ್ಲಿಯ ಹಳೇ ಕಾಲದ ದೊಡ್ಡಮನೆ, ವಾಡೆ, ನೋಡಿದೆವು. ಸುಲಭಾ ವಹಿನಿ ವಾಡೆಯ ಕಾವಲುಗಾರನ ಹತ್ತಿರ ಚೌಕಾಸಿಗೆ ನಿಂತರು, "ನಾವೆಲ್ಲಾ ಒಂದs ಮನಿಯವ್ರು, ಒಂದs ಚೀಟಿ ಕೊಡ್ರಿ." ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. "ಅಷ್ಟೂ ಮಂದಿ ಸೊಸ್ತ್ಯಾರು ಏನ್ರಿ?" ವಹಿನಿ ಚೂರೂ ಅಳುಕದೆ ಹೌದು ಎಂದರು.

ನಾನು ಹಿಂದುಳಿದೆ. ಆ ಮರದ ಕಂಬದ ಪಡಸಾಲೆಯಲ್ಲಿ ಇವರು ಒಮ್ಮೆ ನನ್ನನ್ನು ನಿಲ್ಲಿಸಿ, "ಇಂದೂ, ಇಂಥಾ ಮನಿ ಕಟ್ಟಸ್ತೀನಿ ನಿನಗ" ಎಂದಿದ್ದರು. "ಮೊದಲ ಸೋರೂ ಹಂಚು ಹೊಚ್ಚಸ್ರಿ" ಎಂದಿದ್ದೆ ನಾನು. ಇಬ್ಬರೂ ಎಷ್ಟು ನಕ್ಕಿದ್ದೆವು. ಈಗ ಆ ಕಂಬಕ್ಕೆ ಹಗ್ಗ ಕಟ್ಟಿದ್ದಾರೆ, ಮುಟ್ಟುವ ಹಾಗಿಲ್ಲ. ಹಗ್ಗದಾಚೆಯಿಂದ ಕೈ ಚಾಚಿ ಮುಟ್ಟಿ ಬಂದೆ.

ಊಟ ಹೊಳೆಯ ಮೆಟ್ಟಿಲ ಮೇಲೆ, ಆಲದ ನೆರಳಿನಲ್ಲಿ. ಡಬ್ಬಿ ಬಿಚ್ಚುವ ಮೊದಲು ಉಖಾಣೆ ಆಗಲಿ ಎಂದರು ಯಾರೋ. ನನ್ನದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡೆ.

ಸುಲಭಾ ವಹಿನಿ ಸೆರಗು ಸರಿಮಾಡಿಕೊಂಡು ಹೊಳೆಗೆ ಮುಖ ಮಾಡಿ ಹೇಳಿದರು:

"ಕೃಷ್ಣಾ ಹೊಳಿ ಹರಿದಲ್ಲೆಲ್ಲಾ ದಂಡಿ ತುಂಬ ಹಸರು,
ಮೊದಲಿಂದ ಕಡೀತನಕ ಬಾಯಾಗ ಅರವಿಂದರಾಯರ ಹೆಸರು."

ಕಾಕಿಯ ಸರತಿ. ಪೇಡೆ ಬಾಯಲ್ಲಿಟ್ಟುಕೊಂಡೇ:

"ಸಾತಾರದ ಪೇಟ್ಯಾಗ ಸಿಗತಾವ ಪೇಡೆ,
ಬಾಪೂರಾಯರ ಸಿಟ್ಟಿಳಿಸಾಕ ಸಾಕು ಎರಡು ವಡೆ."

ಋತುಜಾ ಮೊಬೈಲ್ ನೋಡಿ ಓದಲು ಹೋದಳು, ಕಾಕಿ ಕಸಿದುಕೊಂಡರು. ಕಣ್ಣು ಮುಚ್ಚಿ, ಮುಖ ಕೆಂಪಗೆ ಮಾಡಿಕೊಂಡು ಹೇಳಿದಳು:

"ಅತ್ತಿ ಕೊಟ್ಟ ಸೀರಿಗೆ ಹಚ್ಚಸೀನಿ ಫಾಲು,
ಓಂಕಾರರಾಯರು ಕುಡೀತಾರ ದಿನಾ ಒಂದು ವಾಟೆ ಹಾಲು."

ಮೆಟ್ಟಿಲೆಲ್ಲ ನಗು. ಅವಳ ನಂತರ ಕೂತವಳು ನಾನು. ಬಾಯಿ ತೆರೆದಿದ್ದೆ — ತೆರೆದೇ ಇದ್ದೆ.

"ಇಂದೂ, ಚಪಾತಿ ಡಬ್ಬಿ ತಗೀ. ಹೊಟ್ಟಿ ಹಸದಾವು," ಎಂದರು ಸುಲಭಾ ವಹಿನಿ. ನನಗೆ ಸಂಕಟವಾಗದಿರಲಿ ಎಂದೇ ಅಂದದ್ದು. ಆ ದನಿಯ ಮೆತ್ತನೆ ನನಗೆ ಗೊತ್ತು. ನಾನು ಡಬ್ಬಿ ತೆಗೆದೆ. ಎಲ್ಲರಿಗೂ ಎರಡೆರಡು ಚಪಾತಿ ಬಡಿಸಿದೆ. ಮೆಂತೆ ಪಲ್ಯ ಚೆನ್ನಾಗಿದೆ ಎಂದರು. ನನ್ನ ಪಾಲಿನ ಚಪಾತಿ ಡಬ್ಬಿಯಲ್ಲೇ ಉಳಿಯಿತು.

ಆಮೇಲೆ ವಾಯಿ. ನಾವಿದ್ದ ಓಣಿಗೆ ಒಬ್ಬಳೇ ಹೋಗಿ ಬಂದೆ. ಕೋಣೆ ಇದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹುಡುಗ "ಸ್ಕ್ರೀನ್ ಗಾರ್ಡ್ ಹಾಕಬೇಕ್ರೀ?" ಎಂದು ಕೇಳಿದ. ಹಾಕಿಸಿಕೊಂಡೆ. ಮತ್ತೆ ಹೇಗೆ ಒಳಗೆ ನಿಲ್ಲಲಿ? ಅವನು ಗಾಜು ಒರೆಸುವಷ್ಟು ಹೊತ್ತು ನಮ್ಮ ಒಲೆ ಇದ್ದ ಮೂಲೆ ನೋಡುತ್ತ ನಿಂತೆ. ಅರಿಶಿನದ ವಾಸನೆ ಇರಲಿಲ್ಲ. ಇರುತ್ತದೆ ಎಂದು ಯಾಕೆ ಅಂದುಕೊಂಡಿದ್ದೆನೋ.

ಸಂಜೆ ದೊಡ್ಡಹೊಟ್ಟೆಯ ದೇವರ ಗುಡಿ. ಅದೇ ಮೂರ್ತಿ, ಅದೇ ಕಣ್ಣು. ಯಾರೋ ದೇವರ ಹೆಸರು ಹಿಡಿದು "ಬಾಪ್ಪಾ" ಎಂದು ಕೂಗಿದರು, ಗುಡಿ ತುಂಬ "ಮೋರಯಾ" ಎದ್ದಿತು. ನಮ್ಮವರೂ ಶುರು ಮಾಡಿದರು. ಎಲ್ಲರೂ ಪೂರಾ ಕೂಗಿದರು. ನಾನು ಕೊನೆಯ ಪದಕ್ಕೆ ಮಾತ್ರ ಸೇರಿಕೊಂಡೆ.

ಕಾಕಿ ಪಕ್ಕದಲ್ಲೇ ಇದ್ದರು. ಹಲ್ಲು ಹೋದರೂ ಕಿವಿ ಚುರುಕು.

"ಇನ್ನೂ ಮೋರಯಾ ಅಷ್ಟs ಏನ ಇಂದೂ?"

"ರೂಢಿ ಕಾಕಿ."

ಮದುವೆಯಾದಂದಿನಿಂದ ರೂಢಿ. ಚೌತಿಗೂ ಅಷ್ಟೇ. ಗಂಡನ ಹೆಸರೂ ದೇವರ ಹೆಸರೂ ಒಂದೇ ಆದರೆ ದೇವರ ಹೆಸರೂ ಹೋಯಿತು. ಹೆಸರು ಹಿಡಿದು ಕರೆದರೆ ಅವರ ಆಯುಷ್ಯ ಕಡಿಮೆ ಆಗುತ್ತದೆ ಅಂತ ಅವ್ವ ಹೇಳಿಕೊಟ್ಟಿದ್ದಳು.

ಕಾಕಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು. "ಈಗ ಯಾರ ಆಯುಷ್ಯ ಕಾಯಾಕತ್ತೀ ಪೋರಿ?"

ಮೊದಲು ನಗು ಬಂತು. ಆಮೇಲೆ ಅಳು. ಗುಡಿಯ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಕೆಳಗೆ ಹೊಳೆ. ಯಾರೋ ಒಬ್ಬಳು ಬಟ್ಟೆ ಒಗೆಯುತ್ತಿದ್ದಳು. ನಮ್ಮವರೆಲ್ಲ ಸುತ್ತ ಬಂದು ನಿಂತರು, ನೀರು ಕೊಟ್ಟರು, ಬೆನ್ನು ಸವರಿದರು. ನಾನು ನೀರು ಕುಡಿದೆ. ಬಾಟಲಿ ಕೆಳಗಿಟ್ಟು ಹೇಳಿದೆ, ದನಿ ಏರಿಸಿಯೇ:

"ಹೊಳಿಯಾಗ ಒಗದೀನಿ ಅಂಗಿ, ಬಿಡವಲ್ಲದು ಅರಿಷಿಣ ಬಣ್ಣ,
ಗಣಪತರಾಯರು ಬರೂ ಹೊತ್ತಾತು, ದಾರಿಗೆ ಇಟ್ಟೀನಿ ಕಣ್ಣ."

ಗಣಪತರಾಯರು. ಈ ಡೈರಿಯಲ್ಲೂ ಮೊದಲ ಸಲ ಬರೆಯುತ್ತಿದ್ದೇನೆ.

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಕಾಕಿ ಕಣ್ಣೊರೆಸಿಕೊಂಡರು. ಸುಲಭಾ ವಹಿನಿಯ ಮುಖ ಬಿಳಚಿಕೊಂಡಿತ್ತು. ಋತುಜಾಳ ರಟ್ಟೆ ಹಿಡಿದು ಎಬ್ಬಿಸಿದರು. "ನಡೀ, ಬಸ್ಸಿಗೆ ಹೊತ್ತಾತು. ಹೊಸಾ ಮದುಮಗಳು, ಇಂಥಾವೆಲ್ಲಾ ಕೇಳಬಾರದು."

ಬಸ್ಸಿನಲ್ಲಿ ನನ್ನ ಪಕ್ಕ ಕಾಕಿ ಮಾತ್ರ. ಅವರೂ ನಿದ್ದೆ ಹೋದರು. ಕರಾಡ ಸ್ಟ್ಯಾಂಡಿನಲ್ಲಿ ಸುಲಭಾ ವಹಿನಿ ಹೇಳದೆ ಹೋದರು. ಇಪ್ಪತ್ತು ವರ್ಷದ ಬಳಕೆ. ತಪ್ಪು ಮಾಡಿದೆ ಅನಿಸುವುದಿಲ್ಲ. 

ಫೆಬ್ರವರಿ ೧೫, ಗುರುವಾರ. ಸಂಜೆ

ಮೂರು ದಿನ ಯಾರೂ ಸೀರೆ ತರಲಿಲ್ಲ. ಋತುಜಾಳ ಸೀರೆ ಮಡಿಸಿಟ್ಟದ್ದು ಹಾಗೇ ಇತ್ತು. ನಾಳೆ ರಥಸಪ್ತಮಿ, ಸುಲಭಾ ವಹಿನಿಯ ಮನೆಯಲ್ಲಿ ಅರಿಶಿನ-ಕುಂಕುಮ, ಆ ಸೀರೆ ನಾಳೆಗೇ ಬೇಕು. ಬೇರೆ ಕಡೆ ಹೊಸದು ಕೊಂಡಿರಬೇಕು ಎಂದುಕೊಂಡೆ. ಓಣಿಯೇ ಕೈಬಿಟ್ಟಿತು ಎಂದು ಇವತ್ತು ಮಧ್ಯಾಹ್ನ ಚೆನ್ನಾಗಿ ಅತ್ತೆ.

ನಾಲ್ಕಕ್ಕೆ ಸುಲಭಾ ವಹಿನಿಯೇ ಬಂದರು. ಸೀರೆ ಕೇಳಲಿಲ್ಲ. ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕೂತರು. ಚಹಾ ಮಾಡಿದೆ, ಮುಟ್ಟಲಿಲ್ಲ.

"ನಮ್ಮವರ ಎದಿಯಾಗ ಮೂರು ಕಡೆ ಬ್ಲಾಕ್ ಅದಾವಂತ," ಎಂದರು. "ಸೋಮವಾರ ಪುಣೆಗೆ ಕರಕೊಂಡು ಹೋಗೂದು. ಆಪರೇಶನ್. ಯಾರಿಗೂ ಹೇಳಿಲ್ಲ. ಮಗಗ ಅಷ್ಟs ಗೊತ್ತು."

ನಾನು ಅವರ ಕೈ ಹಿಡಿದೆ.

"ನೀ ಅಲ್ಲಿ ಹೆಸರು ಹೇಳಿದಿ ನೋಡು. ನನಗ ಸಿಟ್ಟು ಬರಲಿಲ್ಲ ಇಂದೂ. ಅಂಜಿಕಿ ಬಂತು. ಬರೂ ಹೊತ್ತಾತು, ದಾರಿ ನೋಡತೀನಿ ಅಂದಿ... ನಾಳೆ ನಾನೂ ಹಿಂಗs ಯಾವದಾರ ಮೆಟ್ಟಲ ಮ್ಯಾಲ ಕುಂತು ಹೇಳೂದು ಬಂದ್ರ? ನಿನ್ನ ಮಾರಿ ನೋಡೂ ಧೈರ್ಯ ಆಗಲಿಲ್ಲ ನನಗ."

ಬಾಯಿಗೆ ಬಂದದ್ದನ್ನೇ ಹೇಳಿದೆ.

"ವಹಿನಿ, ನಾ ಹೆಸರು ಹಿಡದು ಕರೀಲಿಲ್ಲ. ಚೌತಿಗೂ ಮೋರಯಾ ಅಷ್ಟs ಅಂದೆ. ಅವ್ವ ಹೇಳಿದ್ದೆಲ್ಲಾ ಪಾಲಿಸಿದೆ. ಆದ್ರೂ ಹೋದ್ರು. ನೀವು ಅಂಜಬ್ಯಾಡ್ರಿ. ನಾ ಬಾಯಿ ಬಿಟ್ಟಿದ್ದಕ್ಕ ಯಾರಿಗೂ ಏನೂ ಆಗೂದಿಲ್ಲ."

ಅವರು ಅತ್ತರು. ನಾನೂ. ಚಹಾ ಆರಿ ಕೆನೆಗಟ್ಟಿತ್ತು, ಅದನ್ನೇ ಕುಡಿದರು. ಏಳುವಾಗ ಸೀರೆ ಎತ್ತಿಕೊಂಡು ಬಾಗಿಲಲ್ಲಿ ನಿಂತರು.

"ನಾಳೆ ಬಾ. ಕುಂಕುಮ ಹಚ್ಚೂದು ನನ್ನ ಕೈಲೆ ಆಗತೈತೋ ಇಲ್ಲೋ, ಸುಳ್ಳು ಯಾಕ ಹೇಳ್ಲಿ. ಇನ್ನೂ ಅಷ್ಟು ದೊಡ್ಡಾಕಿ ಆಗಿಲ್ಲ ನಾ. ಆದ್ರ ಎಲ್ಲಾರ ಜೋಡಿ ಸಾಲಿನಾಗ ಕುಂದರು. ನಿನ್ನ ಸರತಿ ಬಂದಾಗ ನಾ ನಡುವ ಮಾತಾಡೂದಿಲ್ಲ."

ಹೋದರು. ಪಿಕೊದ ದುಡ್ಡು ಕೊಡುವುದು ಮರೆತರು. ಮರೆಯಲಿ.

ಫೆಬ್ರವರಿ ೧೬, ಶುಕ್ರವಾರ. ರಥಸಪ್ತಮಿ. ಸಂಜೆ ಐದು

ತಲೆ ಬಾಚಿ ಆಯಿತು. ಕೆಂಪಂಚಿನ ಸೀರೆ ಉಟ್ಟು ಬಿಚ್ಚಿ, ಬೇರೆ ಉಟ್ಟು, ಮತ್ತೆ ಕೆಂಪಂಚಿನದೇ ಉಟ್ಟೆ. ಅವಸರದಲ್ಲಿ ಅಕ್ಷರ ಸೊಟ್ಟ.

ವಾಯಿಯ ಉಖಾಣಾ ಇವತ್ತು ಬೇಡ. ಅದರಲ್ಲಿ ಇವರು ಬರುವ ಹೊತ್ತಾಗಿದೆ, ನಾನು ದಾರಿ ನೋಡುತ್ತ ಕೂತಿದ್ದೇನೆ. ಅದು ಆಗ ಹೊಳೆಯ ಮೆಟ್ಟಿಲ ಮೇಲೆ ಅಂಗಿ ಒಗೆಯುತ್ತಿದ್ದ ಆ ಹುಡುಗಿಯದು. ಪಾಪ, ಸುಲಭಾ ವಹಿನಿಗೆ ಅದನ್ನು ಮತ್ತೊಮ್ಮೆ ಕೇಳಿಸುವುದೂ ಬೇಡ. ಊರ ಸೊಸೆಯರಿಗೆಲ್ಲ ಚಹಾ ಕುದಿಯುವಷ್ಟರಲ್ಲಿ ಮಾಡಿಕೊಟ್ಟವಳಿಗೆ ತನ್ನದೊಂದು ಹೊಸದಕ್ಕೆ ಬೆಳಗಿನಿಂದ ಒದ್ದಾಟ. ಏಳೆಂಟು ಮಾಡಿದೆ, ಎಲ್ಲ ಅಳುಬುರುಕ. ಅಳುವುದಕ್ಕಲ್ಲ ನಾನು ಹೋಗುತ್ತಿರುವುದು.

ಕೆಳಗಿನಿಂದ ಋತುಜಾ ಕೂಗುತ್ತಿದ್ದಾಳೆ. "ಮಾವಶಿ, ಎಲ್ಲಾರೂ ಬಂದ್ರು, ಬರ್ರಿ ಲಗೂನ."

ಬಂತು. ಈಗ ಬಂತು. ಮರೆಯುವ ಮೊದಲು ಬರೆದಿಡುತ್ತೇನೆ —

ಕುಂಕುಮಿಲ್ಲದ ಹಣಿ ಇರಲಿ, ಬಾಯಿಗಿಲ್ಲ ಬೀಗ,
ಗಣಪತರಾಯರ ಹೆಸರ ಹೇಳತೀನಿ ಎಲ್ಲಾರ ಮುಂದ ಈಗ.